ಗ್ರೇನ್, ಡ್ರಾಮ್ ಲೆಕ್ಕ ನರ್ಸಿಂಗ್ ಓದುವವರಿಗೆ ಇನ್ನೂ ಬೇಕಾ?

ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿ ಗ್ರೇನ್, ಡ್ರಾಮ್, ಮಿನಿಮ್ ಎಲ್ಲ ಬಾಯಿಪಾಠ ಮಾಡಿಸುತ್ತಿದ್ದಾರೆ, ಯಾರೂ ಬಳಸದ ಈ ಅಳತೆ ಯಾಕೆ ಕಲಿಯಬೇಕು ಅಂತ ಕೇಳಿದ್ದೀರಿ.

ಕಂಡರೆ ಗುರುತು ಹಿಡಿಯುವಷ್ಟು ಕಲಿಯಿರಿ, ಸಾಕು. ಹನ್ನೊಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಈಗ ಪಾಠ ಮಾಡುತ್ತೇನೆ. ಒಂದು ಸಲವೂ ಡ್ರಾಮ್ ಲೆಕ್ಕದಲ್ಲಿ ಔಷಧಿ ಅಳೆದಿಲ್ಲ.

ಇದು ಹಳೇ ಅಪಾಥಿಕರಿ ಪದ್ಧತಿ, ಅಂದರೆ ಹಿಂದಿನ ಕಾಲದ ಔಷಧಿ ತಯಾರಕರ ಅಳತೆ. ಬ್ರಿಟನ್ನೇ 1971ರಲ್ಲಿ ಇದನ್ನು ಕೈಬಿಟ್ಟಿತು. ನಮ್ಮ ಸಿಲಬಸ್‌ನಲ್ಲಿ ಇನ್ನೂ ಉಳಿದಿದೆ, ಪರೀಕ್ಷೆಗೆ ಓದಲೇಬೇಕು. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಹಾರ್ಟ್ ಅಟ್ಯಾಕ್ ಆದವರಿಗೆ ಅಗಿಯಲು ಕೊಡುವ ಆಸ್ಪಿರಿನ್ 325 ಮಿಲಿಗ್ರಾಂ ಮಾತ್ರೆ ಇದೆಯಲ್ಲ, ಅದು ಐದು ಗ್ರೇನ್. ಆ ವಿಚಿತ್ರ ಸಂಖ್ಯೆ ಬಂದಿದ್ದು ಅಲ್ಲಿಂದಲೇ. ಇನ್ನೊಂದು ಮಾತು: 'ಜಿಆರ್' ಅಂತ ಬರೆದಿದ್ದರೆ ಅದು ಗ್ರೇನ್, ಗ್ರಾಂ ಅಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಅರ್ಧ ಗ್ರೇನ್ ಫಿನೋಬಾರ್ಬಿಟೋನ್ (ಫಿಟ್ಸ್‌ಗೆ ಕೊಡುವ ಔಷಧಿ) ಅನ್ನು ಅರ್ಧ ಗ್ರಾಂ ಅಂದುಕೊಂಡು 500 ಮಿಲಿಗ್ರಾಂ ಅಂತ ಬರೆದಿದ್ದಳು. ಸರಿ ಉತ್ತರ ಸುಮಾರು 30. ಪೇಪರ್ ಮೇಲಾದ್ದರಿಂದ ಬಚಾವ್.

ನನಗೆ ಸಂಕಟ ಆಗೋದು ಬೇರೆ ವಿಷಯಕ್ಕೆ. ಈ ಕೋಷ್ಟಕಕ್ಕೆ ಎರಡು ಪೀರಿಯಡ್ ಹೋಗುತ್ತದೆ, ಇನ್ಸುಲಿನ್ ಸಿರಿಂಜಿಗೆ ಹತ್ತು ನಿಮಿಷವೂ ಸಿಗುವುದಿಲ್ಲ. ನಮ್ಮಲ್ಲಿ ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇನ್ಸುಲಿನ್ ಇರುವ ವಯಲ್ (ಔಷಧಿಯ ಪುಟ್ಟ ಬಾಟಲಿ) ಇದೆ, 100 ಯೂನಿಟ್‌ನದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ನೈಟ್ ಡ್ಯೂಟಿಯ ಮಂದ ಬೆಳಕಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ 100ರ ವಯಲ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆವರೆಗೆ ಎಳೆದಿದ್ದೆ. ಆ ಗೆರೆ ಅಂದರೆ ಅರ್ಧ ಮಿಲಿಲೀಟರ್. 20 ಯೂನಿಟ್ ಕೊಡಬೇಕಿತ್ತು, ಕೈಯಲ್ಲಿದ್ದದ್ದು 50. ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಇವತ್ತಿಗೂ ನೆನೆದರೆ ಎದೆ ಝಲ್ ಅನ್ನುತ್ತದೆ.

ತೀವ್ರ ಅಲರ್ಜಿ ಆದಾಗ, ಹೃದಯ ನಿಂತಾಗ ಕೊಡುವ ಅಡ್ರಿನಲಿನ್ ಕೂಡ ಹಾಗೇ. ಆಂಪೂಲ್ (ಇಂಜೆಕ್ಷನ್ ಔಷಧಿಯ ಗಾಜಿನ ಸೀಸೆ) ಮೇಲೆ 1:1000 ಅಂತಿದ್ದರೆ ಒಂದು ಮಿಲಿಲೀಟರ್‌ನಲ್ಲಿ ಒಂದು ಮಿಲಿಗ್ರಾಂ. 1:10,000 ಆದರೆ ಅದರ ಹತ್ತರಲ್ಲಿ ಒಂದು ಪಾಲು. ಇದೂ ಹಳೇ ಕಾಲದ ಬರವಣಿಗೆಯೇ, ಆದರೆ ಎಮರ್ಜೆನ್ಸಿಯಲ್ಲಿ ಯೋಚಿಸಲು ಟೈಮ್ ಇರಲ್ಲ, ಅಲ್ವಾ? ಇದನ್ನು ಮಾತ್ರ ಬಾಯಿಪಾಠ ಮಾಡಿ.

ಡ್ರಾಮ್ ಕೋಷ್ಟಕ ಪರೀಕ್ಷೆಯ ಹಿಂದಿನ ದಿನ ಓದಿದರಾಯಿತು. ಈ ವಾರ ಪೋಸ್ಟಿಂಗ್‌ಗೆ ಹೋದಾಗ ಸಿಸ್ಟರ್ ಹತ್ತಿರ ಎರಡೂ ಬಗೆಯ ಸಿರಿಂಜ್ ಕೇಳಿ ಇಸ್ಕೊಳ್ಳಿ. ಎರಡಕ್ಕೂ 20ರ ಗೆರೆವರೆಗೆ ನೀರು ಎಳೆದು, ಪಕ್ಕಪಕ್ಕ ಹಿಡಿದು ನೋಡಿ.