ಜಪಾನಿನ ಮರದಚ್ಚಿನ ಚಿತ್ರಗಳಿಂದ ಪದರ ಪದರದ ಕಾಗದದ ಕಲಾಕೃತಿ ಮಾಡುವುದು ಹೇಗೆ? ಹೊಕುಸಾಯ್‌ನ 'ದೊಡ್ಡ ಅಲೆ' ಚಿತ್ರದಿಂದ ಆರಂಭಿಸಬಹುದೇ?

ಆರಂಭಿಸಬಹುದು, ಆದರೆ ಬೇಡ ಎನ್ನುತ್ತೇನೆ. ಒಂದೇ ಚಿತ್ರದ ಹಲವು ಪ್ರತಿಗಳಿಂದ ಭಾಗಗಳನ್ನು ಕತ್ತರಿಸಿ, ಒಂದರ ಮುಂದೊಂದು ಅಂಟಿಸಿ ಆಳ ತರುವ ಕೆಲಸ ಇದು. ಆ ಅಲೆಯ ತುದಿಯ ನೊರೆ ಉಗುರುಗಳಂತೆ ಚಾಚಿಕೊಂಡಿದೆ. ಒಂದೊಂದನ್ನೂ ಕತ್ತರಿಸುವಷ್ಟರಲ್ಲಿ ಹೊಸಬರ ತಾಳ್ಮೆ ತೀರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಅಲ್ಲಿರುವ ಮೂರು ದೋಣಿಗಳದು. ಅವು ನೀರಿನ ನಡುವೆ ಸಿಕ್ಕಿಕೊಂಡಿರುವುದರಿಂದ ಯಾವುದು ಮುಂದಿನ ಪದರ, ಯಾವುದು ಹಿಂದಿನದು ಎಂದು ತೀರ್ಮಾನಿಸುವುದೇ ಕಷ್ಟ.

ಹೊಕುಸಾಯ್‌ನಂತೆಯೇ ಮರದಚ್ಚಿನ ಚಿತ್ರಕಾರನಾದ ಹಿರೋಶಿಗೆಯನ್ನು ಹಿಡಿಯಿರಿ. 1856ರಿಂದ 1858ರ ನಡುವೆ ಅವನು ಎಡೋ ನಗರದ, ಅಂದರೆ ಇಂದಿನ ಟೋಕಿಯೊದ, ನೋಟಗಳ ದೊಡ್ಡ ಸರಣಿಯನ್ನೇ ರಚಿಸಿದ. ಅದರ ಅನೇಕ ಚಿತ್ರಗಳಲ್ಲಿ ಯಾವುದೋ ಒಂದು ವಸ್ತು ಕಣ್ಣೆದುರಿಗೇ ಬೃಹತ್ತಾಗಿ ನಿಂತಿರುತ್ತದೆ. ಮಿಕ್ಕ ಲೋಕವೆಲ್ಲ ಅದರ ಹಿಂದೆ. ಪದರಗಳನ್ನು ಅವನೇ ವಿಂಗಡಿಸಿಟ್ಟಿದ್ದಾನೆ. 1857ರ ಕಮೇಯ್ದೊ ಪ್ಲಮ್ ತೋಟದ ಚಿತ್ರ ಮೊದಲ ಪ್ರಯತ್ನಕ್ಕೆ ಹೇಳಿಮಾಡಿಸಿದ್ದು: ಮುಂದೆ ದಪ್ಪ ಕಾಂಡ, ನಡುವೆ ಮರಗಳು, ದೂರದಲ್ಲಿ ಬೇಲಿ ಮತ್ತು ಜನ, ಹಿಂದೆ ಕೆಂಪು ಆಕಾಶ. ಡಚ್ ಚಿತ್ರಕಾರ ವ್ಯಾನ್ ಗೋ ತೈಲವರ್ಣದಲ್ಲಿ ನಕಲು ಮಾಡಿದ್ದು ಇದನ್ನೇ. ಅವನು ನಕಲು ಮಾಡಿದ ಇನ್ನೊಂದು, ಸೇತುವೆಯ ಮೇಲೆ ಮಳೆ ಸುರಿಯುವ ಚಿತ್ರ, ಎಷ್ಟೇ ಚೆಂದವಿದ್ದರೂ ನಿಮಗೆ ಬೇಡ. ಮಳೆಯ ಗೆರೆಗಳು ಎಲ್ಲ ಪದರಗಳನ್ನೂ ಹಾದುಹೋಗುವುದರಿಂದ ಪ್ರತಿ ಅಂಚಿನಲ್ಲೂ ತುಂಡಾಗುತ್ತವೆ.

ಹಳೆಯ ಅಸಲಿ ಪ್ರಿಂಟನ್ನು ದಯವಿಟ್ಟು ಕತ್ತರಿಸಬೇಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿದೆ. ಬೇರೆ ಕೆಲವು ಸಂಗ್ರಹಾಲಯಗಳೂ ಹೀಗೆ ಮಾಡಿವೆ. ಒಂದೇ ಚಿತ್ರದ ನಾಲ್ಕೈದು ಪ್ರತಿಗಳನ್ನು 200 ಜಿಎಸ್‌ಎಂನ (ಚದರ ಮೀಟರಿಗೆ 200 ಗ್ರಾಂ ತೂಗುವ) ಹೊಳಪಿಲ್ಲದ ಕಾಗದದ ಮೇಲೆ ತೆಗೆಸಿ. ಲೇಸರ್ ಪ್ರಿಂಟ್ ಇರಲಿ. ಇಂಕ್‌ಜೆಟ್‌ನ ಬಣ್ಣ ಅಂಟು ತಾಗಿದರೆ ಕದಡುವುದುಂಟು.

ಒಂದು ಪ್ರತಿ ಇಡಿಯಾಗಿ ಹಿನ್ನೆಲೆಯಾಗಲಿ. ಎರಡನೆಯದರಲ್ಲಿ ನಡುವಿನ ಮರಗಳನ್ನು, ಮೂರನೆಯದರಲ್ಲಿ ಮುಂದಿನ ಕಾಂಡವನ್ನು ಕತ್ತರಿಸಿಕೊಳ್ಳಿ. ಮರದಚ್ಚಿನ ಚಿತ್ರಕ್ಕೆ ಸ್ಪಷ್ಟವಾದ ಕಪ್ಪು ಹೊರಗೆರೆ ಇರುವುದು ಇಲ್ಲಿ ದೊಡ್ಡ ಅನುಕೂಲ: ಗೆರೆಯ ಹೊರ ಅಂಚಿನಲ್ಲೇ ಬ್ಲೇಡ್ ಓಡಲಿ. ಔಷಧಿ ಅಂಗಡಿಯಲ್ಲಿ ಸಿಗುವ 11ನೇ ನಂಬರಿನ ಸರ್ಜಿಕಲ್ ಬ್ಲೇಡ್ ಸಾಕು. ಮೊದಲು ಕೊಂಬೆಗಳ ನಡುವಿನ ಕಿಂಡಿಗಳನ್ನು ತೆಗೆದು, ಹೊರ ಅಂಚನ್ನು ಕೊನೆಗೆ ಕತ್ತರಿಸಿ. ತಿರುವಿನಲ್ಲಿ ಕೈಯನ್ನಲ್ಲ, ಕಾಗದವನ್ನು ತಿರುಗಿಸಿ. ತೀರಾ ತೆಳ್ಳಗಿನ ರೆಂಬೆಗಳನ್ನು ಕತ್ತರಿಸಿ ಬಿಟ್ಟುಬಿಡಿ, ಹಿಂದಿನ ಪ್ರತಿಯಲ್ಲಿ ಅವು ಹೇಗೂ ಇವೆ. ಕತ್ತರಿಸಿದ ಬಿಳಿ ಅಂಚಿಗೆ ಕಡು ಬಣ್ಣದ ಪೆನ್ಸಿಲ್ ತೀಡಿದರೆ ಕೃತಿಯ ಕಳೆಯೇ ಬದಲಾಗುತ್ತದೆ.

ಪದರಗಳ ನಡುವೆ 2 ಅಥವಾ 3 ಮಿಲಿಮೀಟರ್ ದಪ್ಪದ ಫೋಮ್ ಟೇಪಿನ ತುಂಡುಗಳನ್ನು ಅಂಚಿನಿಂದ ಒಳಗೆ ಸರಿಸಿ ಅಂಟಿಸಿ. ಅಂತರ ಇದಕ್ಕಿಂತ ಹೆಚ್ಚಿದರೆ, ಬದಿಯಿಂದ ನೋಡಿದಾಗ ಮುಂದಿನ ಕಾಂಡದ ಪಕ್ಕದಲ್ಲೇ ಹಿಂದಿನ ಪ್ರತಿಯ ಕಾಂಡವೂ ಇಣುಕುತ್ತದೆ. ಅದನ್ನು ಮುಚ್ಚಲು ಉಳಿದ ಪ್ರತಿಯಿಂದ ಆಕಾಶದ ಪಟ್ಟಿಗಳನ್ನು ಕತ್ತರಿಸಿ ಹಿನ್ನೆಲೆಯ ಮೇಲೆ ಅಂಟಿಸಬಹುದು, ಆದರೆ ಅದೇ ಎತ್ತರದಿಂದ ತೆಗೆದುಕೊಳ್ಳಬೇಕು. ಅಚ್ಚಿನ ಮೇಲೆ ಬಣ್ಣವನ್ನು ಕೈಯಿಂದಲೇ ತೆಳುವಾಗಿಸುವ 'ಬೊಕಾಶಿ' ವಿಧಾನದಿಂದ ಮೂಡಿದ ಆಕಾಶ ಅದು. ಕೆಂಪು ಮೇಲಿನಿಂದ ಕೆಳಕ್ಕೆ ಮಸುಕಾಗುತ್ತ ಬರುತ್ತದೆ. ಎತ್ತರ ತಪ್ಪಿದರೆ ತೇಪೆ ಎದ್ದು ಕಾಣುತ್ತದೆ.

ಅಂದಹಾಗೆ, ಈ ಹವ್ಯಾಸ ಜಪಾನಿಗೆ ಹೊಸದೇನಲ್ಲ. ಕತ್ತರಿಸಿ ನಿಲ್ಲಿಸಿದರೆ ಪುಟ್ಟ ರಂಗದೃಶ್ಯವಾಗುವ 'ತಾತೆಬಾಂಕೊ' ಎಂಬ ಮರದಚ್ಚಿನ ಹಾಳೆಗಳು ಎಡೋ ಕಾಲದಲ್ಲೇ (1603ರಿಂದ 1868) ಮಾರಾಟಕ್ಕಿದ್ದವು. ಅಂಥ ಹಾಳೆಗಳನ್ನು ಹೊಕುಸಾಯ್ ಕೂಡ ರಚಿಸಿದ್ದಾನೆ. ಅಲೆಯ ಮೋಹ ಬಿಡಲಾಗದಿದ್ದರೆ ಎರಡನೇ ಕೃತಿಗೆ ಅವನತ್ತ ಮರಳಿ.

ಚೌಕಟ್ಟು ಆಳವಾಗಿರಲಿ, ಗಾಜು ಮೇಲಿನ ಪದರಕ್ಕೆ ತಾಗಬಾರದು. ಒಂದು ಬದಿಯ ಮೇಲ್ಗಡೆಯಿಂದ ಬೆಳಕು ಬೀಳುವ ಗೋಡೆಗೆ ತೂಗುಹಾಕಿ, ನೆರಳುಗಳು ಚೆನ್ನಾಗಿ ಮೂಡುತ್ತವೆ. ನೇರ ಬಿಸಿಲು ಬೇಡ, ಬಣ್ಣ ಮಾಸುತ್ತದೆ.