ಪಂಪಿಂಗ್ 28 ಅಂದರೆ ಎಷ್ಟು ದಿನ, ಡಾಕ್ಟ್ರೇ?

ಪ್ರಶ್ನೆ: ನಮ್ಮ ಅಪ್ಪಾಜಿಗೆ 62 ವರ್ಷ. ಚಳ್ಳಕೆರೆ ಹತ್ತಿರ ಶೇಂಗಾ ಬೆಳೆಯುತ್ತೇವೆ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಹೋದ ತಿಂಗಳು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಪಂಪಿಂಗ್, ಅಂದರೆ ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತ, ನೂರಕ್ಕೆ 28 ಬಂತು. ಹಾರ್ಟ್ ಫೇಲ್ಯೂರ್, ದಿಢೀರ್ ಅಂತ ಏನಾದರೂ ಆಗಬಹುದು, ಐಸಿಡಿ (ಎದೆಯಲ್ಲಿ ಕೂರಿಸುವ, ಶಾಕ್ ಕೊಡುವ ಪುಟ್ಟ ಯಂತ್ರ) ಹಾಕಿಸಬೇಕಾಗಬಹುದು ಅಂದರು. ಯಾವಾಗ ಏನಾಗುತ್ತೆ ಅಂತ ಮೊದಲೇ ತಿಳಿಯೋಕೆ ಆಗಲ್ವಾ? ಈಗ ಆರಾಮಾಗಿದ್ದಾರೆ. ಮೊನ್ನೆ ಜಗಲಿ ಮೇಲೆ ಕೂತು ಬೀಜದ ಶೇಂಗಾ ಸುಲಿಯುವಾಗ ಒಂದು ನಿಮಿಷ ಎಚ್ಚರ ತಪ್ಪಿದ್ದನ್ನು ಅಮ್ಮ ನೋಡಿದರಂತೆ, ಅಷ್ಟೆ. ಸೆಕೆಗೆ ಇರಬೇಕು.
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ನೀವು "ಅಷ್ಟೆ" ಅಂತ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. 28ಕ್ಕಿಂತ ಜಾಸ್ತಿ ನನ್ನನ್ನು ಹೆದರಿಸಿದ್ದು ಅದು. ದಾವಣಗೆರೆಯಲ್ಲಿ ನನ್ನ ಹತ್ತಿರ ಬರುವವರು ಪ್ಲಾಸ್ಟಿಕ್ ಕವರಿನಿಂದ ರಿಪೋರ್ಟ್ ತೆಗೆಯುವ ಮೊದಲೇ ಕೇಳುತ್ತೇನೆ, "ಎಲ್ಲಾದರೂ ಬಿದ್ದಿದ್ರಾ?" ಅಂತ. "ಇಲ್ಲ ಸಾರ್" ಅನ್ನುತ್ತಾರೆ. ಹಿಂದೆ ನಿಂತ ಹೆಂಡತಿ, "ಹಬ್ಬದ ದಿನ ಬಿದ್ರಲ್ಲ" ಅನ್ನುತ್ತಾರೆ.

ಥಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುವುದು ಬೇರೆ. ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯಿಂದ ಬಿಪಿ ಇಳಿದಿರಬಹುದು. ಕೂತಲ್ಲೇ ಎಚ್ಚರ ತಪ್ಪಿ, ಏನೂ ಆಗದವರ ಹಾಗೆ ಎದ್ದು ಕೂರುವುದು ಬೇರೆ. ಹೃದಯದ ಬಡಿತ ಹದ ತಪ್ಪಿ, ತಾನಾಗೇ ಸರಿಹೋಗಿರಬಹುದು. ಮುಂದಿನ ಸಲ ಸರಿಹೋಗದೇ ಇರಬಹುದು.

ಹೃದಯವನ್ನು ಬೋರ್‌ವೆಲ್ ಮೋಟರ್ ಅಂದುಕೊಳ್ಳಿ. ಅದು ಎಷ್ಟು ನೀರು ಎತ್ತುತ್ತೆ ಅನ್ನೋದನ್ನು ಎಕೋ ಹೇಳುತ್ತೆ. ದಿಢೀರ್ ಸಾವು ಹೆಚ್ಚಾಗಿ ಬರೋದು ಬಡಿತ ನಡೆಸುವ ಕರೆಂಟ್ ಕಡೆಯಿಂದ. ಅಟ್ಯಾಕ್ ಆದ ಜಾಗದಲ್ಲಿ ಉಳಿದ ಕಲೆಯ ಸುತ್ತ ಕರೆಂಟ್ ದಾರಿ ತಪ್ಪಿ ಸುತ್ತುತ್ತೆ. ಪಂಪಿಂಗ್ ಕಡಿಮೆ ಇದ್ದಷ್ಟೂ ಅಪಾಯ ಜಾಸ್ತಿ, ನಿಜ. ಆದರೆ ಇಂಥ ದಿನ ಅಂತ ಯಾವ ಪರೀಕ್ಷೆಯೂ ಹೇಳಲ್ಲ. ಅಮೆರಿಕದ ಸ್ಕಾಡ್-ಹೆಫ್ಟ್ ಅಧ್ಯಯನ 2005ರಲ್ಲಿ ಬಂತು. ಅದರಲ್ಲಿದ್ದ 2,521 ಜನರ ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ. ಹೆಚ್ಚುಕಡಿಮೆ ನಾಲ್ಕು ವರ್ಷದಲ್ಲಿ ಐಸಿಡಿ ಇಲ್ಲದವರಲ್ಲಿ ನೂರಕ್ಕೆ 29 ಜನ ತೀರಿಕೊಂಡರು, ಹಾಕಿಸಿಕೊಂಡವರಲ್ಲಿ 22. ಐಸಿಡಿ ಇಲ್ಲದೆಯೂ 71 ಜನ ಬದುಕಿದ್ದರು, ನೋಡಿ. ಅದಕ್ಕೇ 28 ಅನ್ನು ತೀರ್ಪು ಅಂದುಕೊಳ್ಳಬೇಡಿ.

ಸಾಮಾನ್ಯವಾಗಿ ಮಾತ್ರೆಗಳನ್ನು ಮೂರು ತಿಂಗಳು ಸರಿಯಾಗಿ ಕೊಟ್ಟು, ಮತ್ತೆ ಎಕೋ ಮಾಡಿ, ಆಗಲೂ 35 ದಾಟದಿದ್ದರೆ ಐಸಿಡಿ ಹಾಕುತ್ತಾರೆ. ಮಾತ್ರೆಗಳಿಂದಲೇ ಕೆಲವರ ಪಂಪಿಂಗ್ ಏರುತ್ತೆ, ದಿಢೀರ್ ಸಾವಿನ ಅಪಾಯವೂ ಇಳಿಯುತ್ತೆ. ಆರಾಮಾಗಿದ್ದೀನಿ ಅಂತ ಅವರು ಒಂದು ದಿನವೂ ಬಿಡಬಾರದು. ಐಸಿಡಿ ಪಂಪಿಂಗ್ ಹೆಚ್ಚಿಸಲ್ಲ, ಬಡಿತ ಕೆಟ್ಟಾಗ ಶಾಕ್ ಕೊಟ್ಟು ಸರಿ ಮಾಡುತ್ತೆ.

ಆದರೆ ಎಚ್ಚರ ತಪ್ಪಿದವರಿಗೆ ಈ ಮೂರು ತಿಂಗಳ ಲೆಕ್ಕ ಬೇಡ. ನಾಳೆ ಅನ್ನದೆ ಇವತ್ತೇ ಹೃದ್ರೋಗ ತಜ್ಞರಿರುವ ಆಸ್ಪತ್ರೆಗೆ ಹೋಗಿ. ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ ನೋಡಬೇಕು. ಅಡ್ಮಿಟ್ ಮಾಡಿ ಅಂದರೆ ಮಾಡಿ. ಅಪ್ಪಾಜಿ ಕೈಗೆ ಬೈಕ್ ಕೊಡಬೇಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಎಚ್ಚರ ತಪ್ಪಿದ್ದನ್ನು ಕಣ್ಣಾರೆ ಕಂಡವರು ಅವರೊಬ್ಬರೇ.