ಭಾಷೆ ಬೆಂಗಳೂರಿನದು, ಸಿಲಬಸ್ ತಿರುವನಂತಪುರದ್ದು: ಗಡಿಯಾಚೆಯ ಕನ್ನಡ ಕ್ಲಾಸಿನಲ್ಲಿ ಟಿವಿ

ಟೀಚರೇ, ನೀವು ತುಮಕೂರಿನಿಂದ ಕೇಳಿದ ಪ್ರಶ್ನೆ ಸಣ್ಣದು. "ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪಾಠಕ್ಕೆ ಯಾವ ಟಿವಿ ತೋರಿಸ್ತೀರಿ? ನಮ್ಮ ಚಂದನವಾ, ಕೇರಳದ್ದಾ?" ಎರಡನ್ನೂ ತೋರಿಸುತ್ತೇವೆ. ಆದರೆ ಎರಡನ್ನೂ ಪೂರ್ತಿ ತೋರಿಸುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೊದಲು ನಮ್ಮ ಊರಿನ ಲೆಕ್ಕ ಸ್ವಲ್ಪ ಹೇಳಬೇಕು.

1956ರ ನವೆಂಬರ್ 1ಕ್ಕೆ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಹಾಗೇ ಉಳಿದವು. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಇವತ್ತಿಗೂ ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಬಹುದು. ಆದರೆ ಓದುವುದು ಕೇರಳದ ಸಿಲಬಸ್. ಪುಸ್ತಕ ಕನ್ನಡದಲ್ಲಿ ಇರುತ್ತದೆ, ಒಳಗಿನ ಪಾಠ ನಿಮ್ಮ ಪುಸ್ತಕದ್ದಲ್ಲ. ಪರೀಕ್ಷೆಯೂ ಬೇರೆ, ರಜೆಯೂ ಬೇರೆ. ನಿಮ್ಮ ಮಕ್ಕಳು ದಸರಾ ರಜೆಯಲ್ಲಿ ಅಜ್ಜಿಮನೆಯಲ್ಲಿ ಇರುವಾಗ ನಮ್ಮವರು ಎರಡು ಮೂರು ದಿನದ ಪೂಜಾ ರಜೆ ಮುಗಿಸಿ ಕ್ಲಾಸಿಗೆ ಬಂದಿರುತ್ತಾರೆ. ನಮಗೆ ದೊಡ್ಡ ರಜೆ ಓಣಂಗೆ. ಅದಕ್ಕೆ ಮೊದಲು ಓಣಂ ಪರೀಕ್ಷೆ.

ಇನ್ನು ಮಕ್ಕಳು. ಒಂದು ಬೆಂಚಿನಲ್ಲಿ ಐದು ಮಂದಿ ಕೂತರೆ ಮನೆಯಲ್ಲಿ ತುಳು ಆಡುವವರು, ಮಲಯಾಳ ಆಡುವವರು, ಬ್ಯಾರಿ ಭಾಷೆಯವರು, ಹವ್ಯಕ ಕನ್ನಡದವರು, ಕೊಂಕಣಿಯವರು ಎಲ್ಲ ಉಂಟು. ಮರಾಠಿಯವರೂ ಸಿಗುತ್ತಾರೆ. ಪುಸ್ತಕದ ಕನ್ನಡ ಇವರಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲೇ ಸಿಗುವ ಕನ್ನಡ. ಟಿವಿ ಹಚ್ಚುವ ಮುಂಚೆ ಇದು ತಲೆಯಲ್ಲಿ ಇರಬೇಕು.

ಈಗ ಟಿವಿಗೆ ಬರೋಣ. ಚಂದನದಲ್ಲಿ ಬರುವ ಪಾಠಕ್ಕೆ ನಮ್ಮ ಭಾಷೆ ಇದೆ, ನಮ್ಮ ಸಿಲಬಸ್ ಇಲ್ಲ. ಕೇರಳದ ಕೈಟ್ ವಿಕ್ಟರ್ಸ್ ಚಾನೆಲ್‌ನಲ್ಲಿ ನಮ್ಮ ಸಿಲಬಸ್ ಇದೆ, ಭಾಷೆ ಮಲಯಾಳ. ವಿಕ್ಟರ್ಸ್ ಹಳೆಯ ಚಾನೆಲ್. ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಕಾಲದಲ್ಲಿ, 2005ರಲ್ಲಿ, ಆಗ ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಅದನ್ನು ಉದ್ಘಾಟಿಸಿದರು. ಶಾಲೆಯ ಪಾಠಕ್ಕೇ ಮೀಸಲಾದ ಸರ್ಕಾರಿ ಚಾನೆಲ್ ಒಂದು ರಾಜ್ಯಕ್ಕೆ ಇಷ್ಟು ಬೇಗ ಸಿಕ್ಕಿದ್ದು ದೊಡ್ಡ ಸಂಗತಿಯೇ. ಬೇಡ ಅನ್ನುವ ಹಾಗಿಲ್ಲ. ಆದರೆ ತುಳು ಮನೆಯ ಆರನೇ ಕ್ಲಾಸಿನ ಹುಡುಗನಿಗೆ ಮಲಯಾಳದಲ್ಲಿ ಕಿರಣ ವಕ್ರೀಭವನ ವಿವರಿಸಿದರೆ ಅವನು ಚಿತ್ರ ನೋಡುತ್ತಾನೆ, ಮಾತು ಬಿಡುತ್ತಾನೆ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು 2020ರಲ್ಲಿ, ಕೊರೊನಾಕ್ಕೆ ಶಾಲೆ ಮುಚ್ಚಿದ್ದಾಗ. ಜೂನ್ 1ಕ್ಕೆ ವಿಕ್ಟರ್ಸ್‌ನಲ್ಲಿ ಫಸ್ಟ್ ಬೆಲ್ ಎಂಬ ಟಿವಿ ಪಾಠಗಳು ಶುರುವಾದವು. ಹೇಳಿದ ದಿನಕ್ಕೇ ಶುರು ಮಾಡಿದರು, ಅದು ಮೆಚ್ಚಬೇಕಾದ್ದು. ಮಲಯಾಳ ಮಾಧ್ಯಮದವರಿಗೆ ಟಿವಿ ಇದ್ದರೆ ಸಾಕು, ಪಾಠ ಮನೆಗೆ ಬಂತು. ಕನ್ನಡ ಮಾಧ್ಯಮದ ಪಾಠಗಳಿಗೆ ಯೂಟ್ಯೂಬ್ ಮತ್ತು ಊರಿನ ಕೇಬಲ್ ದಾರಿಯಾದವು. ಇಲ್ಲಿನ ಟೀಚರುಗಳೇ ಕ್ಯಾಮೆರಾ ಎದುರು ನಿಂತು ಪಾಠ ಮಾಡಿದರು. ಗುಡ್ಡದ ಬುಡದಲ್ಲಿ ನೆಟ್‌ವರ್ಕ್ ಇಲ್ಲದ ಮನೆಗೆ, ಕೇಬಲ್ ಎಳೆಯದ ಮನೆಗೆ ಅದು ತಲುಪಬೇಕಾದರೆ ಕಷ್ಟವೇ. ಅದೇ ವರ್ಷ ಕರ್ನಾಟಕದವರು ಚಂದನದಲ್ಲಿ ಸೇತುಬಂಧ, ಆಮೇಲೆ ಸಂವೇದ ಪಾಠಗಳನ್ನು ಹಾಕಿದರು. ಡಿಡಿ ಫ್ರೀ ಡಿಶ್ ಇದ್ದವರ ಮನೆಯಲ್ಲಿ ಅದು ಸಲೀಸಾಗಿ ಬರುತ್ತಿತ್ತು. ಹಾಗಾಗಿ ಇಲ್ಲಿನ ಕೆಲವು ಮಕ್ಕಳು ಕೇರಳದ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಕರ್ನಾಟಕದ ಪಾಠ ನೋಡಿದರು. "ಪುಟ ಇಷ್ಟು ತೆಗೆಯಿರಿ ಮಕ್ಕಳೇ" ಅಂತ ಟಿವಿಯಲ್ಲಿ ಹೇಳಿದರೆ ಇವರ ಪುಟದಲ್ಲಿ ಬೇರೇನೋ ಪಾಠ!

ಇಷ್ಟು ಕೇಳಿದವರು ಸಾಮಾನ್ಯವಾಗಿ "ಅಯ್ಯೋ ಪಾಪ" ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಯಾವ ಟಿವಿ ಪಾಠವೂ ನಮಗೆ ಅಳತೆಗೆ ಸರಿಯಾಗಿ ಬರುವುದಿಲ್ಲ ಅಂತ ಗೊತ್ತಿರುವುದರಿಂದ ಟಿವಿ ಹಚ್ಚಿಟ್ಟು ಸ್ಟಾಫ್ ರೂಮಿಗೆ ಹೋಗುವ ಅಭ್ಯಾಸ ಇಲ್ಲಿ ಬೆಳೆಯಲಿಲ್ಲ. ಹಲಸಿನ ಹಣ್ಣು ಬಿಡಿಸಿದ ಹಾಗೆ ಮುಳ್ಳು, ಮೇಣ ಎಲ್ಲ ತೆಗೆದು ಸೊಳೆ ಮಾತ್ರ ಮಕ್ಕಳ ಕೈಗೆ ಕೊಡಬೇಕು. ಕೈಗೆ ಅಂಟುವುದು ಟೀಚರಿಗೆ.

ನಾವು ಏನು ಮಾಡುತ್ತೇವೆ ಹೇಳುತ್ತೇನೆ. ವಿಜ್ಞಾನ, ಗಣಿತಕ್ಕೆ ವಿಕ್ಟರ್ಸ್ ತುಣುಕು. ಪಾಠ ನಮ್ಮದೇ, ಚಿತ್ರ ಚೆನ್ನಾಗಿರುತ್ತದೆ. ಸೌಂಡ್ ಪೂರ್ತಿ ಬಂದ್. ಐದಾರು ನಿಮಿಷ, ಅಷ್ಟೇ. ಹೃದಯದೊಳಗೆ ರಕ್ತ ಹೋಗುವುದನ್ನು ನೋಡುತ್ತಾ ಮಕ್ಕಳೇ ಕನ್ನಡದಲ್ಲಿ ವಿವರಣೆ ಹೇಳಬೇಕು. ಮೊದಲ ಸಲ ಸುಮ್ನೆ ನೋಡುತ್ತಾರೆ. ಎರಡನೇ ಸಲ ಒಬ್ಬರು ಹೇಳುತ್ತಾರೆ, ಉಳಿದವರು ತಪ್ಪು ಹಿಡಿಯುತ್ತಾರೆ. ತಪ್ಪು ಹಿಡಿಯುವ ಕೆಲಸಕ್ಕೆ ಯಾರೂ ಹಿಂದೆ ಬೀಳುವುದಿಲ್ಲ, ನಿಮಗೂ ಗೊತ್ತಲ್ವಾ. ಸೌಂಡ್ ಬಂದ್ ಮಾಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೇ. ಹಂಚಿನ ಮಾಡಿನ ಮೇಲೆ, ಅದರಲ್ಲೂ ಶೀಟಿನ ಮೇಲೆ, ಜೂನ್ ಮಳೆ ಹೊಡೆದರೆ ಟಿವಿಯ ಮಾತು ಯಾವ ಭಾಷೆಯದ್ದಾದರೂ ಕೇಳುವುದಿಲ್ಲ. ಜೋರು ಮಳೆಗೆ ಡಿಶ್ ಸಿಗ್ನಲ್ಲೇ ಹೋಗುತ್ತದೆ. ಆಮೇಲೆ ಕರೆಂಟೂ ಹೋಗುತ್ತದೆ. ಅದಕ್ಕೇ ನೇರ ಪ್ರಸಾರವನ್ನು ನಂಬಿ ಪಾಠ ಯೋಜನೆ ಬರೆಯುವ ಹಾಗಿಲ್ಲ. ಬೇಕಾದ ತುಣುಕು ಮೊದಲೇ ಲ್ಯಾಪ್‌ಟಾಪಿನಲ್ಲಿ ಇರಬೇಕು.

ಲ್ಯಾಪ್‌ಟಾಪ್, ಪ್ರೊಜೆಕ್ಟರಿಗೆ ಇಲ್ಲಿ ಬರ ಇಲ್ಲ. ಎಂಟರಿಂದ ಹನ್ನೆರಡನೇ ಕ್ಲಾಸಿನವರೆಗೆ ಕೇರಳದಲ್ಲಿ 45,000 ಹೈಟೆಕ್ ಕ್ಲಾಸ್‌ರೂಮ್ ಮಾಡಿದ್ದಾರೆ. ಜತೆಗೆ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕ್ಲಬ್ ಇದೆ. ಅದರಲ್ಲಿ ಮಕ್ಕಳು ವಿಡಿಯೋ ಎಡಿಟಿಂಗ್ ಕಲಿಯುತ್ತಾರೆ, ಅದೂ ಕೆಡೆನ್‌ಲೈವ್‌ನಂಥ ಉಚಿತ ತಂತ್ರಾಂಶದಲ್ಲಿ. ನನಗೆ ಅತ್ಯಂತ ಇಷ್ಟವಾದ ಕೆಲಸ ಇಲ್ಲಿಂದಲೇ ಬಂದದ್ದು. ಮಲಯಾಳದ ತುಣುಕಿನ ಮಾತು ತೆಗೆದು ಮಕ್ಕಳೇ ಕನ್ನಡ ಧ್ವನಿ ಕೂರಿಸುತ್ತಾರೆ. ಒಂದು ಐದು ನಿಮಿಷದ ತುಣುಕಿಗೆ ಕನ್ನಡ ಮಾತು ಬರೆಯಬೇಕಾದರೆ ಪಾಠ ಪೂರ್ತಿ ಅರ್ಥವಾಗಿರಲೇಬೇಕು. ಮಲಯಾಳ ಚೆನ್ನಾಗಿ ಬರುವ ಮಗು ಮೊದಲು ಅರ್ಥ ಹೇಳುತ್ತದೆ. ಹವ್ಯಕ ಮನೆಯ ಮಗು ಕನ್ನಡ ತಿದ್ದುತ್ತದೆ. ಧ್ವನಿ ಜೋರಿರುವವನು ಓದುತ್ತಾನೆ. ಪರೀಕ್ಷೆಯಲ್ಲಿ ಹಿಂದೆ ಇರುವವನೇ ಇಲ್ಲಿ ಮುಂದೆ ಬರುವುದೂ ಉಂಟು. ಇದನ್ನು ಕ್ಲಾಸಿನೊಳಗೆ ಪಾಠಕ್ಕೆ ಮಾತ್ರ ಬಳಸುತ್ತೇವೆ, ಹೊರಗೆ ಹಂಚುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠ ಹೇಳುವ ಕೆಲಸಕ್ಕೆ ಒಂದಿಷ್ಟು ವಿನಾಯಿತಿ ಕೊಡುತ್ತದೆ. ಅದು ಯೂಟ್ಯೂಬಿಗೆ ಹಾಕಲು ಲೈಸೆನ್ಸ್ ಅಲ್ಲ. ನಿಮ್ಮಲ್ಲಿ ಮಾಡುವುದಾದರೆ ಇದು ನೆನಪಿರಲಿ.

ಚಂದನದ ಪಾಠಗಳನ್ನು ನಾವು ಪಾಠವಾಗಿ ಬಳಸುವುದು ಕಡಿಮೆ. ಉಳಿದ ಕಾರ್ಯಕ್ರಮಗಳೇ ಜಾಸ್ತಿ ಉಪಯೋಗ. ಮೊದಲನೆಯದು ಥಟ್ ಅಂತ ಹೇಳಿ. 2002ರಿಂದ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ಕ್ವಿಜ್. ಸರಿ ಉತ್ತರಕ್ಕೆ ದುಡ್ಡಲ್ಲ, ಪುಸ್ತಕ. ನಮ್ಮ ಮಕ್ಕಳಿಗೆ ಅದರಲ್ಲಿ ಕರ್ನಾಟಕದ ಪ್ರಶ್ನೆ ಬಂದರೆ ತಡೆಯುತ್ತದೆ. ತಾಲೂಕು, ಜಿಲ್ಲೆ, ಹಳೆಯ ರಾಜಮನೆತನ, ಎಲ್ಲ ಅವರ ಸಿಲಬಸ್ಸಿನ ಹೊರಗೆ. ಆದರೆ ನಡುವೆ ಪ್ರಶ್ನೆ ನಿಲ್ಲಿಸಿ, "ಇದೇ ಥರ ಕೇರಳದ ಮೇಲೆ ಒಂದು ಪ್ರಶ್ನೆ ಮಾಡಿ" ಅಂದರೆ ನೋಡಬೇಕು! ಉತ್ತರ ಹುಡುಕುವುದಕ್ಕಿಂತ ಪ್ರಶ್ನೆ ಕಟ್ಟುವುದು ಕಷ್ಟ. ಎರಡು ರಾಜ್ಯದ ವಿಷಯ ಗೊತ್ತಿರುವ ಮಗು ಇಲ್ಲಿ ಸುಲಭವಾಗಿ ತಯಾರಾಗುತ್ತದೆ.

ಎರಡನೆಯದು ವಾರ್ತೆ. ಅದರಲ್ಲೂ ಹವಾಮಾನ. ಮಳೆಗಾಲದಲ್ಲಿ ಬೆಂಗಳೂರಿನ ವಾರ್ತೆ, ತಿರುವನಂತಪುರದ ವಾರ್ತೆ ಎರಡನ್ನೂ ಒಂದೇ ದಿನದ್ದು ತೋರಿಸುತ್ತೇವೆ. ಬೆಂಗಳೂರಿನ ನಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ರೆಡ್ ಅಲರ್ಟ್, ಗಡಿಯ ತಲಪಾಡಿಯಲ್ಲಿ ನಕ್ಷೆ ಮುಗಿಯುತ್ತದೆ. ಕೇರಳದ ನಕ್ಷೆಯಲ್ಲಿ ಮಂಜೇಶ್ವರದಿಂದ ಮೇಲೆ ಖಾಲಿ. ಎರಡು ನಕ್ಷೆಯನ್ನೂ ಕಾಗದದಲ್ಲಿ ಬಿಡಿಸಿ ಜೋಡಿಸಿ ಅಂದರೆ ಮಕ್ಕಳಿಗೆ ಮಾನ್ಸೂನ್ ಅರ್ಥವಾಗುತ್ತದೆ: ಅರಬ್ಬಿ ಸಮುದ್ರದಿಂದ ಬರುವ ಗಾಳಿ, ಅದನ್ನು ತಡೆಯುವ ಪಶ್ಚಿಮ ಘಟ್ಟ, ಘಟ್ಟದ ಈಚೆಗೆ ಸುರಿಯುವ ಮಳೆ. ಇವರಿಗೆ ಹವಾಮಾನ ವಾರ್ತೆಯಲ್ಲಿ ಆಸಕ್ತಿ ಇರುವುದು ಭೂಗೋಳಕ್ಕಾಗಿ ಅಂತ ನಾನು ಸುಳ್ಳು ಹೇಳುವುದಿಲ್ಲ. ಕಲೆಕ್ಟರ್ ನಾಳೆ ರಜೆ ಕೊಡುತ್ತಾರಾ ಅನ್ನುವುದೇ ಮುಖ್ಯ. ಮಂಗಳೂರಿನ ಕಡೆಗೆ ರಜೆ ಸಿಕ್ಕಿ ನಮಗೆ ಸಿಗದಿದ್ದರೆ ಮರುದಿನ ಕ್ಲಾಸಿನಲ್ಲಿ ಗಡಿಯ ಬಗ್ಗೆ ಬಿಸಿ ಬಿಸಿ ಚರ್ಚೆ.

ಸಮಾಜ ವಿಜ್ಞಾನಕ್ಕೆ ಕೇರಳ ವಿಧಾನಸಭೆಯ ಸಭಾ ಟಿವಿ ಇದೆ. 2020ರಲ್ಲಿ ಶುರುವಾದದ್ದು. ಪ್ರಶ್ನೋತ್ತರ ವೇಳೆ ಅಂದರೆ ಏನು ಅಂತ ಬೋರ್ಡಿನಲ್ಲಿ ಬರೆದರೆ ಒಣ ಪಾಠ. ಸಚಿವರೊಬ್ಬರು ಎದ್ದು ನಿಂತು ಉತ್ತರ ಹುಡುಕುವುದನ್ನು ನೋಡಿದರೆ ಮರೆಯುವುದಿಲ್ಲ. ಇನ್ನೊಂದು ತುಣುಕು ನಮ್ಮ ಮಕ್ಕಳಿಗೆ ವಿಶೇಷ. 2021ರಲ್ಲಿ ಮಂಜೇಶ್ವರದ ಶಾಸಕರು ಆ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಸಿಗಲಿಕ್ಕಿಲ್ಲ.

ಹಾಗೆಯೇ ಕಲೋತ್ಸವ. ಕೇರಳದ ಶಾಲಾ ಕಲೋತ್ಸವವನ್ನು ವಿಕ್ಟರ್ಸ್ ನೇರ ತೋರಿಸುತ್ತದೆ. ಅದರಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಕನ್ನಡ ಭಾಷಣವೂ ಉಂಟು. ಇದು ನಿಮಗೆ ಹೊಸದಿರಬಹುದು. ಮಲಯಾಳದ ಚಾನೆಲ್‌ನಲ್ಲಿ ತಿರುವಾದಿರ, ಒಪ್ಪನದಂಥ ಕೇರಳದ ಕುಣಿತಗಳು ಆದ ಮೇಲೆ ಚೆಂಡೆ ಕೇಳುತ್ತದೆ, ಹೈಸ್ಕೂಲಿನ ಹುಡುಗಿ ಕಿರೀಟ ಕಟ್ಟಿ ಕನ್ನಡದಲ್ಲಿ ಅರ್ಥ ಹೇಳುತ್ತಾಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಇರುವಾಗ ಯಕ್ಷಗಾನ ನೋಡಲು ಟಿವಿ ಯಾಕೆ ಅಂತ ಕೇಳಬೇಡಿ. ಬಯಲಾಟ ರಾತ್ರಿಯದು, ಅದನ್ನು ನಿಲ್ಲಿಸಿ ಮತ್ತೊಮ್ಮೆ ನೋಡುವ ಹಾಗಿಲ್ಲ. ಟಿವಿಯ ಹತ್ತು ನಿಮಿಷದ ಆಟವನ್ನು ನಿಲ್ಲಿಸಬಹುದು, ಪದ್ಯ ಬೋರ್ಡಿನಲ್ಲಿ ಬರೆಯಬಹುದು, ಭಾಗವತರು ಎಲ್ಲಿ ಉಸಿರು ಹಿಡಿದರು ನೋಡಬಹುದು. ಷಟ್ಪದಿ ಕಲಿಸಲು ನನಗೆ ಗೊತ್ತಿರುವ ಸುಲಭ ದಾರಿ ಇದು. ಗುರು ಲಘು ಹಾಕುವುದು ಆಮೇಲೆ ಇದ್ದೇ ಇದೆ.

ಮಲಯಾಳ ಕಲಿಯಲು ವಿಕ್ಟರ್ಸ್‌ನ ಮಕ್ಕಳ ಕಾರ್ಯಕ್ರಮಗಳು ಒಳ್ಳೆಯದು. ಇದನ್ನು ಹೇಳಿದರೆ ನಮ್ಮಲ್ಲೇ ಕೆಲವರಿಗೆ ಹಿಡಿಸುವುದಿಲ್ಲ. ಆದರೆ ಕಚೇರಿ, ಆಸ್ಪತ್ರೆ, ಪಿಎಸ್‌ಸಿ ಕೆಲಸ, ಎಲ್ಲ ಕಡೆ ಮಲಯಾಳ ಬೇಕು. ಕನ್ನಡ ಗಟ್ಟಿ ಇರುವ ಮಗುವಿಗೆ ಇನ್ನೊಂದು ಭಾಷೆಯಿಂದ ನಷ್ಟ ಆಗುವುದನ್ನು ನಾನಂತೂ ನೋಡಿಲ್ಲ.

ನೀವು ಸೈಟ್ (SITE) ಅನ್ನುವ, ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತಲುಪಿಸಿದ ಹಳೆಯ ಪ್ರಯೋಗದ ಬಗ್ಗೆಯೂ ಕೇಳಿದ್ದಿರಿ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಲುಪಿಸಿದರು. ಕರ್ನಾಟಕದಲ್ಲಿ ಅದು ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆ. ನಮ್ಮ ಕರಾವಳಿಗೆ ಬರಲಿಲ್ಲ. ಬೆಳಗ್ಗೆ ಶಾಲೆಯ ಮಕ್ಕಳಿಗೆ ಕನ್ನಡದಲ್ಲೇ ಕಾರ್ಯಕ್ರಮ, 22 ನಿಮಿಷದಷ್ಟು. ಆಗಲೇ ಅವರಿಗೆ ಗೊತ್ತಿತ್ತು, ಸಣ್ಣ ಮಕ್ಕಳನ್ನು ಪೆಟ್ಟಿಗೆಯ ಎದುರು ಗಂಟೆಗಟ್ಟಲೆ ಕೂರಿಸಿದರೆ ಆಗುವುದಿಲ್ಲ ಅಂತ. 2020ರಲ್ಲಿ ಬೇರೆ ದಾರಿ ಇಲ್ಲದೆ ನಾವೆಲ್ಲ ಅದನ್ನು ಮರೆತೆವು.

ಕೊನೆಗೆ ನೀವು "ಏನಾದರೂ ಕಳಿಸಲೇ?" ಅಂದಿರಿ. ಕಳಿಸಿ. ಪಾಠಗಳ ವಿಡಿಯೋ ಬೇಡ. ನಿಮ್ಮ ಮಕ್ಕಳು ಚಂದನದ ಯಾವ ಕಾರ್ಯಕ್ರಮವನ್ನು ಕ್ಲಾಸಿನಲ್ಲಿ ನೋಡಿದರು, ನೋಡಿ ಯಾವ ಪ್ರಶ್ನೆ ಕೇಳಿದರು, ಅದನ್ನು ಬರೆದು ಕಳಿಸಿ. ನಮ್ಮ ಏಳನೇ ಕ್ಲಾಸಿನವರು ಉತ್ತರ ಬರೆಯುತ್ತಾರೆ. ಓಣಂ ಪರೀಕ್ಷೆ ಮುಗಿದ ಮೇಲೆ ಸಿಕ್ಕಿದರೆ ಒಳ್ಳೆಯದು. ಅದಕ್ಕೆ ಮೊದಲು ಯಾರಿಗೂ ಪುರುಸೊತ್ತಿಲ್ಲ.